ಹಿಗ್ಗುವ ಬೆನ್ನೆಲುಬು: ಹಡಗುಕಟ್ಟೆಯಿಂದ ಕಂಪ್ಯೂಟರ್ ತೆರೆಗೆ

ನಿದ್ದೆಯಿಂದೆದ್ದ ಬೆಕ್ಕು ಮೈಮುರಿಯುವುದನ್ನು ನೀವು ನೋಡಿರುತ್ತೀರಿ. ಮುಂಗಾಲು ಚಾಚಿ, ಬೆನ್ನು ಬಾಗಿಸಿ, ಮೈಯನ್ನು ಉದ್ದಕ್ಕೆ ಎಳೆಯುತ್ತದೆ. ಕಂಪ್ಯೂಟರ್‌ನಲ್ಲಿ ರಚಿಸಿದ ಬೆಕ್ಕೂ ಹೀಗೆಯೇ ಮೈಮುರಿಯಬೇಕಾದರೆ ಏನು ಮಾಡಬೇಕು? ಇದಕ್ಕೆ ಉತ್ತರ ದೊರೆತ ಬಗೆ ಸ್ವಾರಸ್ಯಕರವಾಗಿದೆ.

ಕೈಯಿಂದ ಚಿತ್ರ ಬರೆಯುತ್ತಿದ್ದ ಕಾಲದಲ್ಲಿ ಈ ಸಮಸ್ಯೆ ಇರಲಿಲ್ಲ. 1930ರ ದಶಕದಲ್ಲಿ ಡಿಸ್ನಿ ಸಂಸ್ಥೆಯ ಕಲಾವಿದರು ಪಾತ್ರಗಳನ್ನು ಹಿಗ್ಗಿಸಿ ಕುಗ್ಗಿಸಿ ಅವಕ್ಕೆ ಜೀವಕಳೆ ತಂದರು. ಅವರು ಪಾಲಿಸಿದ ನಿಯಮ ಒಂದೇ: ಆಕಾರ ಬದಲಾಗಲಿ, ಘನಗಾತ್ರ ಬದಲಾಗದಿರಲಿ. ಅರ್ಧ ತುಂಬಿದ ಹಿಟ್ಟಿನ ಚೀಲವನ್ನು ನೆನಪಿಸಿಕೊಳ್ಳಿ. ಎತ್ತಿ ಹಿಡಿದರೆ ಅದು ಉದ್ದವಾಗಿ ಸಪೂರವಾಗುತ್ತದೆ. ನೆಲಕ್ಕೆ ಹಾಕಿದರೆ ಗಿಡ್ಡವಾಗಿ ಅಗಲವಾಗುತ್ತದೆ. ಹಿಟ್ಟು ಮಾತ್ರ ಅಷ್ಟೇ ಇರುತ್ತದೆ.

ಕಂಪ್ಯೂಟರ್ ಬಂದಾಗ ಪರಿಸ್ಥಿತಿ ಬದಲಾಯಿತು. 1976ರಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಬರ್ಟ್ನಿಕ್ ಮತ್ತು ವೈನ್ ಒಂದು ವಿಧಾನವನ್ನು ಪ್ರಕಟಿಸಿದರು. ಚಿತ್ರಕ್ಕೊಂದು ಸರಳ ಅಸ್ಥಿಪಂಜರ ಜೋಡಿಸಿ, ಅದನ್ನು ಕದಲಿಸಿದರೆ ಚಿತ್ರವೂ ಕದಲುತ್ತಿತ್ತು. ಮುಂದೆ ಮೂರು ಆಯಾಮದ ಪಾತ್ರಗಳಿಗೂ ಮೂಳೆ, ಕೀಲುಗಳನ್ನು ಜೋಡಿಸುವ ‘ರಿಗ್ಗಿಂಗ್’ ಬೆಳೆಯಿತು. ಆದರೆ ಉದ್ದ ಬದಲಾಗದ ಮೂಳೆಗಳ ಸರಪಳಿ ಬಾಗಬಲ್ಲದೇ ಹೊರತು ಹಿಗ್ಗಲಾರದು. 1986ರ ‘ಲಕ್ಸೊ ಜೂನಿಯರ್’ ಕಿರುಚಿತ್ರದ ಮೇಜಿನ ದೀಪ ಗಟ್ಟಿ ಲೋಹದ್ದು. ಅದು ಕೀಲುಗಳನ್ನು ಮಡಿಸಿ ಬಿಚ್ಚಿಯೇ ಕುಪ್ಪಳಿಸಬೇಕಿತ್ತು. ಅದರ ನಿರ್ದೇಶಕ ಜಾನ್ ಲ್ಯಾಸೆಟರ್ 1987ರ ಲೇಖನವೊಂದರಲ್ಲಿ, ಹಳೆಯ ಕಲಾವಿದರ ನಿಯಮಗಳು ಕಂಪ್ಯೂಟರ್ ಚಿತ್ರಗಳಿಗೂ ಅಗತ್ಯವೆಂದು ವಿವರಿಸಿದರು.

ಬೆನ್ನೆಲುಬಿಗೆ ಬೇಕಾದ ಉಪಾಯ ಹಡಗುಕಟ್ಟೆಯಲ್ಲಿ ಆಗಲೇ ಇತ್ತು! ಹಡಗಿನ ಒಡಲಿನ ನಯವಾದ ರೇಖೆಗಳನ್ನು ಎಳೆಯಲು ತೆಳುವಾದ ಮರದ ಪಟ್ಟಿಯನ್ನು ಬಳಸುತ್ತಿದ್ದರು. ಕೆಲವೇ ಬಿಂದುಗಳಲ್ಲಿ ಸೀಸದ ತೂಕ ಇಟ್ಟು ಹಿಡಿದರೆ, ಉಳಿದ ಭಾಗ ತಾನಾಗಿಯೇ ನಯವಾಗಿ ಬಾಗುತ್ತಿತ್ತು. ಈ ಪಟ್ಟಿಯೇ ‘ಸ್ಪ್ಲೈನ್’. 1946ರಲ್ಲಿ ಗಣಿತಜ್ಞ ಐಸಾಕ್ ಶೋನ್‌ಬರ್ಗ್, ಬಹುಪದೋಕ್ತಿಗಳ ತುಂಡುಗಳನ್ನು ನಯವಾಗಿ ಬೆಸೆದ ವಕ್ರರೇಖೆಗಳಿಗೆ ಇದೇ ಹೆಸರಿಟ್ಟರು.

ಪಾತ್ರದ ಬೆನ್ನಿನೊಳಗೆ ಇಂಥದೇ ವಕ್ರರೇಖೆ ಇರುತ್ತದೆ. ಸೊಂಟ, ನಡುಬೆನ್ನು, ಎದೆ – ಈ ಮೂರು ಹಿಡಿಗಳು ಸೀಸದ ತೂಕಗಳಂತೆ ಕೆಲಸ ಮಾಡುತ್ತವೆ. ಮೂಳೆಗಳು ರೇಖೆಯ ಮೇಲೆ ಸಾಲಾಗಿ ಕೂರುತ್ತವೆ. ಎದೆಯನ್ನು ಮೇಲೆಳೆದರೆ ರೇಖೆ ಉದ್ದವಾಗುತ್ತದೆ, ಮೂಳೆಗಳು ಸಾಲದೆ ಬರುತ್ತವೆ. ಆಗ ಕಂಪ್ಯೂಟರ್ ರೇಖೆಯ ಈಗಿನ ಉದ್ದವನ್ನು ಮೂಲ ಉದ್ದದಿಂದ ಭಾಗಿಸಿ, ಬಂದ ಅನುಪಾತದಿಂದ ಪ್ರತಿ ಮೂಳೆಯ ಉದ್ದವನ್ನೂ ಗುಣಿಸುತ್ತದೆ. 50 ಮಾನದ ರೇಖೆ 72 ಆಯಿತೆನ್ನಿ; ಅನುಪಾತ 1.44.

ಇಷ್ಟೇ ಮಾಡಿದರೆ ಪಾತ್ರದ ಮೈ ಉಬ್ಬಿದಂತೆ ಕಾಣುತ್ತದೆ. ಘನಗಾತ್ರ ಉಳಿಯಬೇಕಾದರೆ ಅಗಲ ಮತ್ತು ದಪ್ಪ ಎರಡನ್ನೂ ಅನುಪಾತದ ವರ್ಗಮೂಲದಿಂದ ಭಾಗಿಸಬೇಕು. 1.44ರ ವರ್ಗಮೂಲ 1.2, ಆದ್ದರಿಂದ ಅವು ಸುಮಾರು 0.83 ಪಟ್ಟಿಗೆ ಇಳಿಯುತ್ತವೆ. ಹಿಟ್ಟಿನ ಚೀಲದ ನಿಯಮ ಹೀಗೆ ಸೂತ್ರವಾಯಿತು. ಉಚಿತವಾಗಿ ದೊರೆಯುವ ‘ಬ್ಲೆಂಡರ್’ ತಂತ್ರಾಂಶದಲ್ಲಿಯೂ ಈ ಸೌಲಭ್ಯವಿದೆ.

ಕಂಪ್ಯೂಟರ್ ಇಲ್ಲದೆಯೂ ಇದನ್ನು ತರಗತಿಯಲ್ಲಿ ಪರೀಕ್ಷಿಸಬಹುದು. 4 ಸೆಂ.ಮೀ. ಉದ್ದ, 4 ಸೆಂ.ಮೀ. ವ್ಯಾಸದ ಜೇಡಿಮಣ್ಣಿನ ಸಿಲಿಂಡರ್ ಮಾಡಿ. ಅದನ್ನು ಹಲಗೆಯ ಮೇಲೆ ಉರುಳಿಸುತ್ತಾ ಉದ್ದ 16 ಸೆಂ.ಮೀ. ಆಗುವಂತೆ ಹೊಸೆಯಿರಿ. ಈಗ ವ್ಯಾಸ ಎಷ್ಟಿರಬೇಕು? ಮೊದಲು ಲೆಕ್ಕ ಹಾಕಿ, ಆಮೇಲೆ ಅಳೆದು ನೋಡಿ.