ವೈಫೈ ಮತ್ತು ಗೋಡೆ

ಮನೆಯ ಇಂಟರ್ನೆಟ್ ಡಯಲ್-ಅಪ್ ಕಾಲದಿಂದ ಫೈಬರ್‌ವರೆಗೆ ಬಂದರೂ ಒಂದು ದೂರು ಹಾಗೇ ಉಳಿದಿದೆ: ಹಾಲ್‌ನಲ್ಲಿ ಓಡುವ ವೈಫೈ ಹಿಂದಿನ ಕೋಣೆಯಲ್ಲಿ ತೆವಳುತ್ತದೆ. ವೈಫೈ ಬೆಳೆದದ್ದೇ ಗೋಡೆಯೊಂದಿಗೆ ಹೋರಾಡುತ್ತ.

1985ರಲ್ಲಿ ಅಮೆರಿಕ 2.4 ಗಿಗಾಹರ್ಟ್ಸ್ ಸೇರಿ ಕೆಲವು ತರಂಗಗಳನ್ನು ಲೈಸೆನ್ಸ್ ಇಲ್ಲದೆ ಸಂವಹನಕ್ಕೆ ಬಳಸಲು ಬಿಟ್ಟಿತು. ಮೈಕ್ರೊವೇವ್ ಒಲೆಯೂ ಇಲ್ಲೇ ಸದ್ದು ಮಾಡುವುದರಿಂದ ಇದು ಯಾರಿಗೂ ಬೇಡದ ಜಾಗವಾಗಿತ್ತು. 1997ರಲ್ಲಿ ಬಂದ ವೈಫೈನ ಮೊದಲ ಮಾನದಂಡ 802.11ರ ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರ ‘ಬಿ’ ಆವೃತ್ತಿಯದು 11, 2003ರ ‘ಜಿ’ಯದು 54.

ಮನೆಯೊಳಗೆ ತರಂಗ ಗೋಡೆ, ಬೀರುಗಳಿಗೆ ಬಡಿದು ಹಲವು ದಾರಿಯಲ್ಲಿ, ಹಿಂದುಮುಂದಾಗಿ ತಲುಪುತ್ತದೆ. ಒಂದರ ಮೇಲೊಂದು ಬಿದ್ದು ಸಂದೇಶ ಕಲಸಿಹೋಗುತ್ತದೆ. ದತ್ತಾಂಶವನ್ನು ಹತ್ತಾರು ಸಣ್ಣ ವಾಹಕಗಳಿಗೆ ಹಂಚಿ ‘ಜಿ’ ಇದನ್ನು ತಾಳಿಕೊಂಡಿತು. 2009ರ ‘ಎನ್’ ಇನ್ನೂ ಜಾಣತನ ತೋರಿತು: ಹಲವು ಆಂಟೆನಾಗಳನ್ನಿಟ್ಟು, ಆ ಬೇರೆ ಬೇರೆ ದಾರಿಗಳಲ್ಲೇ ಬೇರೆ ಬೇರೆ ದತ್ತಾಂಶ ಕಳಿಸಿತು. ಪ್ರತಿಫಲನದ ಕಾಟ ಲಾಭವಾಯಿತು.

ಆದರೆ ಗೋಡೆ ಹೀರಿಕೊಳ್ಳುವ ಶಕ್ತಿಗೆ ಉಪಾಯ ಸಿಗಲಿಲ್ಲ. 2013ರ ‘ಎಸಿ’ 5 ಗಿಗಾಹರ್ಟ್ಸ್‌ಗೆ ಹಾರಿ ವೇಗ ಗಳಿಸಿತು. ಆ ತರಂಗ ಗೋಡೆ ದಾಟುವಾಗ ಇನ್ನೂ ಬೇಗ ಸೊರಗುತ್ತದೆ. 2019ರಿಂದ ಮಾರುಕಟ್ಟೆಯಲ್ಲಿ ನೆಲೆಯಾದ ವೈಫೈ 6 ಗಮನ ಕೊಟ್ಟದ್ದು ಮುಖ್ಯವಾಗಿ ಜನದಟ್ಟಣೆಗೆ; ಹಲವು ಸಾಧನಗಳಿಗೆ ಒಂದೇ ಹೊತ್ತಿಗೆ ಪಾಲು ಹಂಚುವುದು ಅದರ ಹೆಚ್ಚುಗಾರಿಕೆ. ವೈಫೈ 7 ಒಂದೇ ಸಾಧನ ಎರಡು ಬ್ಯಾಂಡ್‌ಗಳನ್ನು ಜೊತೆಗೂಡಿಸಿ ಬಳಸುವಂತೆ ಮಾಡಿತು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಲೈಸೆನ್ಸ್‌ಮುಕ್ತವಾದದ್ದು 2005ರಲ್ಲಿ. ಆಗ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು 256 ಕಿಲೊಬಿಟ್ ಸಾಕಿತ್ತು. ವೈಫೈ ಅರ್ಧ ಸತ್ತರೂ ಗೊತ್ತಾಗುತ್ತಿರಲಿಲ್ಲ. 2018ರಲ್ಲಿ 5 ಗಿಗಾಹರ್ಟ್ಸ್ ವಿಸ್ತಾರವಾಗಿ ತೆರೆದುಕೊಂಡಿತು. ಫೈಬರ್ ಮನೆಬಾಗಿಲಿಗೆ ಬಂದಮೇಲೆ ನಿಧಾನವಾಗುವ ಜಾಗ ಹೊರಗಿನ ಲೈನ್ ಅಲ್ಲ, ಮನೆಯ ಒಳಗು. ಕರಾವಳಿಯ ದಪ್ಪ ಕೆಂಪುಕಲ್ಲು, ಬೆಂಗಳೂರಿನ ಹಳೆಯ ಸೈಜುಗಲ್ಲು, ಎಲ್ಲೆಡೆಯ ಆರ್‌ಸಿಸಿ ತಾರಸಿ, ಒಂದಕ್ಕಿಂತ ಒಂದು ಹಟಮಾರಿ.

ಈ ಹಟಕ್ಕೆ ಮೊದಲು ಸಿಕ್ಕ ಮದ್ದು ರಿಪೀಟರ್. ಒಂದೇ ರೇಡಿಯೊದಲ್ಲಿ ಕೇಳಿ ಮತ್ತೆ ಹೇಳಬೇಕಾದ್ದರಿಂದ ಅದರ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸುಮಾರು 2016ರಿಂದ ಜನಪ್ರಿಯವಾದ ಮೆಶ್ ಇದಕ್ಕಿಂತ ಮೇಲು. ಮನೆಯಲ್ಲಿ ಅಲ್ಲಲ್ಲಿ ಇಟ್ಟ ಹಲವು ಪೆಟ್ಟಿಗೆಗಳಿಗೆ ಒಂದೇ ಹೆಸರಿನ ನೆಟ್‌ವರ್ಕ್, ಕೆಲವುಗಳಲ್ಲಿ ಪೆಟ್ಟಿಗೆಗಳ ನಡುವೆ ಮಾತಾಡಲು ಪ್ರತ್ಯೇಕ ರೇಡಿಯೊ. ಆದರೂ ಆ ರೇಡಿಯೊವೂ ಅದೇ ಗೋಡೆ ದಾಟಬೇಕು. ದಾಟದೆ ತಲುಪುವುದು ಕೇಬಲ್ ಒಂದೇ. ತಾಮ್ರದ ಕೇಬಲ್‌ನಲ್ಲಿ ನೂರು ಮೀಟರ್‌ವರೆಗೆ ಗಿಗಾಬಿಟ್ ಕಳಿಸುವ ಮಾನದಂಡ 1999ರದು. ಇಂದಿಗೂ ಹೆಚ್ಚಿನ ಮನೆಗಳಿಗೆ ಅಷ್ಟು ಧಾರಾಳ.

ಹಾಗಾಗಿ ಮನೆ ಕಟ್ಟಿಸುವವರು ಗಾರೆಗೆ ಮೊದಲೇ ಕರೆಂಟ್ ಪೈಪಿನಿಂದ ದೂರವಾಗಿ ಇನ್ನೊಂದು ಪೈಪು ಹಾಕಿಸಿ, ಪ್ರತಿ ಮಹಡಿಗೂ ಕ್ಯಾಟ್-6 ಕೇಬಲ್ ಎಳೆಸಲಿ. ರೂಟರ್ ಐದು ವರ್ಷಕ್ಕೊಮ್ಮೆ ಬದಲಾದೀತು. ಗೋಡೆ ಒಡೆಯುವುದು ಮಾತ್ರ ದುಬಾರಿ.