ಹಳೆಯ ಕಾರಿನ ಸೀಟ್ ಬೆಲ್ಟ್ ಉದ್ದವಾಗಿದ್ದರೆ ಗಂಟು ಹಾಕಬಹುದೇ?

ಅನೇಕ ಹಳೆಯ ಕಾರುಗಳಲ್ಲಿ ಸೀಟ್ ಬೆಲ್ಟ್ ತಾನಾಗಿ ಒಳಕ್ಕೆ ಸುತ್ತಿಕೊಳ್ಳುವುದಿಲ್ಲ. ಕೈಯಿಂದಲೇ ಬಿಗಿ ಮಾಡಬೇಕು. ಬೆಲ್ಟ್ ತೀರಾ ಉದ್ದವಾಗಿದ್ದರೆ ನಡುವೆ ಒಂದು ಗಂಟು ಹಾಕಿದರೆ ಸಾಕು ಎನ್ನುವವರಿದ್ದಾರೆ. ಇದು ನಿಜವೇ?

ಇಲ್ಲ, ಇದು ಅಪಾಯಕಾರಿ. ಅಪಘಾತದ ಹೊಡೆತವನ್ನು ಎದೆ ಮತ್ತು ಸೊಂಟದ ಮೂಳೆಗಳ ಮೇಲೆ ಹಂಚುವುದು ಅಗಲವಾದ ಪಟ್ಟಿಯ ಕೆಲಸ. ಗಂಟು ಇದ್ದಲ್ಲಿ ಪಟ್ಟಿಯ ಬಲ ಕುಗ್ಗುತ್ತದೆ. ಡಿಕ್ಕಿಯಾದಾಗ ಗಂಟು ಬಿಗಿದುಕೊಂಡು ಬೆಲ್ಟ್ ಸಡಿಲವಾಗುತ್ತದೆ, ಒಂದೇ ಕಡೆ ಒತ್ತುತ್ತದೆ. ಕತ್ತರಿಸಿ ಹೊಲಿಸುವುದೂ ಬೇಡ. ಸಾಮಾನ್ಯ ಹೊಲಿಗೆ ಆ ಎಳೆತ ತಡೆಯದು.

ಹಾಗಾದರೆ ಏನು ಮಾಡಬೇಕು?

• ಬಕಲ್ ಹಾಕಿ, ಬೆಲ್ಟ್‌ನಲ್ಲೇ ಇರುವ ಅಡ್ಜಸ್ಟರ್‌ನಿಂದ ಬಿಗಿ ಮಾಡಿ. ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲಿರಲಿ.
• ಭುಜದ ಪಟ್ಟಿ ಇದ್ದರೆ, ಎದೆ ಮತ್ತು ಪಟ್ಟಿಯ ನಡುವೆ ಅಂಗೈ ಮಾತ್ರ ತೂರುವಷ್ಟು ಜಾಗ ಸಾಕು.
• ಅಡ್ಜಸ್ಟರ್‌ನಿಂದ ಹೊರಗುಳಿದ ತುದಿಯನ್ನಷ್ಟೇ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಅದು ಬಾಗಿಲಿಗೆ ಸಿಕ್ಕಿಕೊಳ್ಳದಿರಲಿ.
• ಪೂರ್ತಿ ಎಳೆದರೂ ಸಡಿಲವೇ? ನುರಿತ ಮೆಕ್ಯಾನಿಕ್‌ನಿಂದ ಸರಿಯಾದ ಅಳತೆಯ ಬೆಲ್ಟ್ ಹಾಕಿಸಿ. ನೂಲು ಬಿಟ್ಟ ಅಥವಾ ಒಮ್ಮೆ ಅಪಘಾತ ಕಂಡ ಬೆಲ್ಟ್ ಕೂಡ ಬದಲಿಸಿ.

ನಮ್ಮ ತೀರ್ಮಾನ: ಗಂಟು ಹಾಕುವ ಸಲಹೆ ತಪ್ಪು. ನಿಮಗೂ ಅಂಥ ಸಲಹೆ ಬಂದರೆ ಫಾರ್ವರ್ಡ್ ಮಾಡಬೇಡಿ.