ಅಂಜಿಕೆಗೆ ಪಾಠವಿಲ್ಲದ ತರಗತಿ

ಖುಷಿ, ಬೇಜಾರು. ದಾವಣಗೆರೆಯ ಯಾವ ಓಣಿಯ ಮಗುವನ್ನು ಮಾತಾಡಿಸಿದರೂ ಈ ಎರಡು ಪದ ಕಿವಿಗೆ ಬೀಳುತ್ತವೆ. ಎರಡೂ ಫಾರಸಿ ಮೂಲದವು. ಕನ್ನಡದಲ್ಲಿ ಬೆರೆತು ಎಷ್ಟು ಕಾಲವಾಯಿತೆಂದರೆ ಅವುಗಳ ಊರು ಕೇರಿ ಕೇಳುವವರಿಲ್ಲ. ಹೆದರಿಕೆಗೆ ಮಾತ್ರ ಮನೆಗೊಂದು ಮಾತು: ನಮ್ಮಲ್ಲಿ ‘ಡರ್’, ಪಕ್ಕದ ಮನೆಯಲ್ಲಿ ‘ಅಂಜಿಕೆ’.

ಶಾಲೆಗೂ ಅಂಜಿಕೆಗೂ ಹಳೆಯ ನಂಟು. ಕೂಲಿ ಮಠದ ಅಯ್ಯನವರು ಹುಡುಗರನ್ನು ಕೋದಂಡಕ್ಕೇರಿಸುತ್ತಿದ್ದರು, ಅಂದರೆ ತೊಲೆಯ ಹಗ್ಗಕ್ಕೆ ನೇತುಹಾಕುತ್ತಿದ್ದರು. ಮಕ್ತಬಿನ ಮೌಲವಿ ಸಾಹೇಬರ ಕೈಯಲ್ಲೂ ಬೆತ್ತವಿತ್ತು. ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದು, ಬೆತ್ತ ಬಿಟ್ಟು ಕತೆ ಹಿಡಿದರು. ನಮ್ಮ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ, ಮೇಷ್ಟ್ರನ್ನು ಕುರ್ಚಿಯಿಂದಿಳಿಸಿ ಮಕ್ಕಳ ನಡುವೆ ಕೂರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ‘ಮಾನಸಿಕ’ ಎಂಬ ಆ ಒಂದು ಪದ ಬರಲು ಎಷ್ಟು ತಲೆಮಾರು ಏಟು ತಿನ್ನಬೇಕಾಯಿತೋ!

ಆದರೆ ಬೀದಿಯಿಂದ ತರಗತಿಗೆ ಬರುವ ಅಂಜಿಕೆಗೆ ಯಾವ ಸೆಕ್ಷನ್ನೂ ಇಲ್ಲ. 1990ರ ಅಕ್ಟೋಬರಿನಲ್ಲಿ ದಾವಣಗೆರೆ, ಚನ್ನಪಟ್ಟಣಗಳಲ್ಲಿ ಕೋಮುಗಲಭೆಯಾಯಿತು. ಅದೇ ತಿಂಗಳು ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಪದವಿ ಕಳೆದುಕೊಂಡರು. ಇಷ್ಟು ಚರಿತ್ರೆಯಲ್ಲಿದೆ. ನಮ್ಮೂರು ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನಾವು ಪ್ರಾಥಮಿಕ ಶಾಲೆಯ ಮಕ್ಕಳು. ಶಾಲೆ ಮತ್ತೆ ತೆರೆದ ದಿನ ಮೇಷ್ಟ್ರು ಹಾಜರಿ ಕೂಗಿದರು, ಬಾರದವರ ಹೆಸರಿಗೆ ಗುರುತು ಹಾಕಿದರು, ಹದಿಮೂರರ ಮಗ್ಗಿ ಹೇಳಿಸಿದರು. ಏನಾಯಿತೆಂದು ಕೇಳಲಿಲ್ಲ. ನಮ್ಮ ಬೆಂಚಿನ ಹುಡುಗ ಮಗ್ಗಿಯ ನಡುವೆಯೇ ಚಡ್ಡಿ ಒದ್ದೆ ಮಾಡಿಕೊಂಡ. ತರಗತಿ ನಕ್ಕಿತು. ನಾವೂ ನಕ್ಕೆವು. ಮೇಷ್ಟ್ರು ಕೆಟ್ಟವರಲ್ಲ, ಅವರಿಗೂ ಅಂದು ಅಂಜಿಕೆಯಿದ್ದಿರಬೇಕು ಎಂದು ನಮಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ.

ಅಷ್ಟರಲ್ಲಿ ಮತ್ತೊಂದು ದಿನ ಬಂದಿತ್ತು. 2022ರ ಫೆಬ್ರವರಿ 8ರಂದು ಹಿಜಾಬ್ ವಿವಾದ ಹರಿಹರದ ಕಾಲೇಜಿನಲ್ಲಿ ಕಲ್ಲು ತೂರಾಟಕ್ಕೆ ತಿರುಗಿತು. ಹರಿಹರಕ್ಕೂ ದಾವಣಗೆರೆಗೂ ನಿಷೇಧಾಜ್ಞೆ ಬಂತು. ಸರ್ಕಾರ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಘೋಷಿಸಿತು. ಒಂದನೇ, ಎರಡನೇ ತರಗತಿಯ ಮಕ್ಕಳು ಆ ಆದೇಶದಲ್ಲಿ ಇರಲಿಲ್ಲ. ಚಿಕ್ಕವರಿಗೇನು ತಿಳಿಯುತ್ತದೆ ಎಂಬ ಲೆಕ್ಕ. ಕಾಲೇಜಿನಿಂದ ಅಳುತ್ತ ಬಂದ ಅಕ್ಕನನ್ನು ನೋಡಿದ ತಂಗಿಗೆ ಎಲ್ಲ ತಿಳಿಯುತ್ತದೆ, ಹೇಳಲು ಮಾತಿರುವುದಿಲ್ಲ ಅಷ್ಟೆ.

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ‘ಹ್ಯಾಪಿನೆಸ್’ ಪಠ್ಯಕ್ರಮ ಶುರುವಾಯಿತು. ಖುಷಿಗೆ ಒಂದು ಪೀರಿಯಡ್ ಸಿಕ್ಕಿತು, ಸಂತೋಷ. ಅಂಜಿಕೆಗೆ?

ನಮ್ಮ ಪರಿಚಯದ ಹರಿಹರದ ಟೀಚರೊಬ್ಬರು ಆ ವಾರ ತಮ್ಮ ಪುಟ್ಟ ಮಕ್ಕಳನ್ನು ‘ಭಯವಾಯಿತಾ’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ. ‘ಹೊಟ್ಟೆಯೊಳಗೆ ಹೇಗಿದೆ?’ ಎಂದರು. ‘ಪೇಟ್ ಮೇ ಕುಚ್ ತೋ ಬೀ ಹೋರಾ’ ಎಂದ ಒಬ್ಬ. ‘ನನಗೂ’ ಎಂದಳು ಪಕ್ಕದವಳು. ಅದಕ್ಕೇನು ಹೆಸರು ಎಂದಾಗ ಅವನು ‘ಡರ್’ ಎಂದ, ಅವಳು ‘ಅಂಜಿಕೆ’ ಎಂದಳು. ಟೀಚರ್ ಎರಡನ್ನೂ ಬೋರ್ಡಿನ ಮೇಲೆ ಬರೆದರು. ಆ ದಿನದ ಲೆಕ್ಕದ ಪಾಠ ಹಾಗೇ ಉಳಿಯಿತಂತೆ.